ಒಂಬತ್ತು ದೇವರು, ಒಂದು ಡಬ್ಲ್ಯೂ

ಗುಂಪಿನ ಪ್ರತಿಯೊಬ್ಬನೂ ದೇವರೇ ಆದರೆ ಮಾತು ಯಾರದು ನಡೆಯಬೇಕು? ನ್ಯೂಯಾರ್ಕಿನ ಹಿಪ್‌ಹಾಪ್ ಬಳಗ ವು-ಟ್ಯಾಂಗ್ ಕ್ಲ್ಯಾನ್‌ಗೆ ಇದು ನಿತ್ಯದ ತಲೆನೋವಾಗಿತ್ತು.

ಬಳಗದ ಹಲವರು ಬೆಳೆದದ್ದು ‘ಫೈವ್ ಪರ್ಸೆಂಟ್’ ಪಂಥದ ನೆರಳಿನಲ್ಲಿ. ಅಮೆರಿಕದ ಕಪ್ಪು ಮುಸ್ಲಿಮರ ಸಂಘಟನೆ ನೇಷನ್ ಆಫ್ ಇಸ್ಲಾಂ ಬಿಟ್ಟುಬಂದ ಕ್ಲಾರೆನ್ಸ್ 13ಎಕ್ಸ್ 1964ರಲ್ಲಿ ಹಾರ್ಲೆಮ್‌ನಲ್ಲಿ ಕಟ್ಟಿದ ಪಂಥ ಅದು. ಕಣ್ಣಿಗೆ ಕಾಣದ ದೇವರಿಲ್ಲ, ಕಪ್ಪು ಗಂಡಸೇ ದೇವರು ಎಂಬುದು ಅದರ ಬುಡ. ಇದಕ್ಕೆ ಅದ್ವೈತದ ಚೀಟಿ ಅಂಟಿಸಲು ನಮ್ಮವರಿಗೆ ಕೈ ತುರಿಸಬಹುದು. ಅವಸರ ಬೇಡ. ಇದು ಜನಾಂಗದ ಗಾಯದಿಂದ ಹುಟ್ಟಿದ ಮಾತು. ಇಲ್ಲಿ ಹೆಣ್ಣು ಭೂಮಿ, ದೇವರ ಪಟ್ಟ ಅವಳಿಗಿಲ್ಲ.

ಈ ಪಂಥದಲ್ಲಿ ಅಂಕಿ, ಅಕ್ಷರಗಳೇ ಮಂತ್ರ. 1 ಎಂದರೆ ಅರಿವು, 2 ವಿವೇಕ. ಡಬ್ಲ್ಯೂ ಅಕ್ಷರವೂ ವಿವೇಕವೇ. ರೆಕ್ಕೆ ಬಿಚ್ಚಿದ ಹಕ್ಕಿಯಂತಿರುವ ಬಳಗದ ಡಬ್ಲ್ಯೂ ಲಾಂಛನವನ್ನು ಬಿಡಿಸಿದ್ದು ಅವರದೇ ಡಿಜೆ, ಹೆಸರು ಮ್ಯಾಥಮ್ಯಾಟಿಕ್ಸ್. 1993ರ ಮೊದಲ ಆಲ್ಬಂನ ಹೆಸರಲ್ಲಿರುವ 36ಕ್ಕೂ ಬಳಗದ ಮುಂದಾಳು ರಿಝಾ ಲೆಕ್ಕ ಕೊಡುತ್ತಾನೆ: ಒಂಬತ್ತು ಜನ, ಒಬ್ಬೊಬ್ಬನ ಹೃದಯಕ್ಕೆ ನಾಲ್ಕು ಕೋಣೆ. ಅದರ ಹೊದಿಕೆಯ ಚಿತ್ರವನ್ನು ಡ್ಯಾನಿ ಹೇಸ್ಟಿಂಗ್ಸ್ ತೆಗೆದದ್ದು ಹಿಂದೆ ಸಿನಗಾಗ್ (ಯೆಹೂದಿ ಪ್ರಾರ್ಥನಾ ಮಂದಿರ) ಆಗಿದ್ದ ಕಟ್ಟಡದಲ್ಲಿ. ಅಂದು ಎಲ್ಲರೂ ಬರಲಿಲ್ಲ. ಬಂದವರು ಮುಖಕ್ಕೆ ತೆಳು ಬಟ್ಟೆಯ ಮುಸುಕು ಹಾಕಿ ನಿಂತರು. ತಾನೇ ದೇವರೆನ್ನುವವರು ಮುಖ ಮುಚ್ಚಿಕೊಂಡಾಗ ಎದ್ದು ಕಂಡದ್ದು ಎದೆಯ ಮೇಲಿನ ಡಬ್ಲ್ಯೂ!

ಆಮೇಲೆ ಒಬ್ಬೊಬ್ಬರಿಗೂ ಒಂದೊಂದು ಲೋಕ. ಬಳಗದ ಜಿಝಾನ ‘ಲಿಕ್ವಿಡ್ ಸ್ವೋರ್ಡ್ಸ್’ ಆಲ್ಬಂನ (1995) ಹೊದಿಕೆಗೆ ಕಾಮಿಕ್ಸ್ ಕಲಾವಿದ ಡೆನಿಸ್ ಕವನ್ ಚದುರಂಗದ ಹಾಸಿನ ಮೇಲೆ ಕತ್ತಿಕಾಳಗ ಬರೆದರು. 1998ರಲ್ಲಿ ರಿಝಾ ‘ಬಾಬಿ ಡಿಜಿಟಲ್’ ಎಂಬ ಮುಖವಾಡದ ನಾಯಕನಾಗಿ ಬಂದಾಗ ಕುಂಚ ಹಿಡಿದವರು ಬಿಲ್ ಸಿಯೆನ್‌ಕೀವಿಚ್. ಚೀನಾದ ಹಳೆಯ ಶಾವೊಲಿನ್ ಮಠದ ಕುಂಗ್‌ಫು ಕಥೆಗಳನ್ನು ಹೊದ್ದಿದ್ದವನು ಒಮ್ಮೆಗೇ ನಾಳಿನ ಯಂತ್ರಲೋಕಕ್ಕೆ ಜಿಗಿದಿದ್ದ.

ಇಷ್ಟು ದೇವರುಗಳು ಒಂದೇ ಸೂರಿನಡಿ ಬಾಳಿದ್ದು ಒಪ್ಪಂದದಿಂದ. ಐದು ವರ್ಷ ಎಲ್ಲವನ್ನೂ ನನ್ನ ಕೈಗೆ ಬಿಡಿ ಎಂದು ರಿಝಾ ಕೇಳಿದ, ಉಳಿದವರು ಬಿಟ್ಟರು. ಒಟ್ಟಾಗಿ ಲೌಡ್ ರೆಕಾರ್ಡ್ಸ್‌ಗೆ ಹಾಡಿದರೂ ಬಿಡಿಯಾಗಿ ಬೇರೆ ಕಂಪನಿಗಳಿಗೆ ಹಾಡುವ ಸ್ವಾತಂತ್ರ್ಯ ಪ್ರತಿಯೊಬ್ಬನಿಗೂ ಇತ್ತು. ದೈವತ್ವವನ್ನು ಕೆಲಕಾಲ ಒತ್ತೆ ಇಡಬಹುದು ಎಂಬುದೇ ಅವರು ಕಂಡುಕೊಂಡ ಉತ್ತರ, ಮತ್ತು ಅದು ಫಲ ಕೊಟ್ಟಿತು.

ಎಡವಿದ್ದು ಬೇರೆ ಕಡೆ. ಪಂಥದ ಲೆಕ್ಕದಲ್ಲಿ ನೂರಕ್ಕೆ 85 ಜನ ಅರಿಯದವರು, 10 ಜನ ಅರಿತೂ ಬಚ್ಚಿಡುವವರು, 5 ಜನ ಅರಿತು ಕಲಿಸುವವರು. ‘ಒನ್ಸ್ ಅಪಾನ್ ಎ ಟೈಮ್ ಇನ್ ಶಾವೊಲಿನ್’ ಆಲ್ಬಂನ ಒಂದೇ ಒಂದು ಪ್ರತಿ ಮಾಡಿ, ಕೆತ್ತನೆಯ ಪೆಟ್ಟಿಗೆಯಲ್ಲಿಟ್ಟು 2015ರಲ್ಲಿ 20 ಲಕ್ಷ ಡಾಲರ್‌ಗೆ ಮಾರಿದರು. 2103ರವರೆಗೆ ವ್ಯಾಪಾರಕ್ಕಾಗಿ ಬಿಡುಗಡೆ ಮಾಡುವಂತಿಲ್ಲ ಎಂಬ ಷರತ್ತು ಬೇರೆ. ಬಳಗದ ಮೆಥಡ್ ಮ್ಯಾನ್ ಸಿಟ್ಟನ್ನು ಬಹಿರಂಗವಾಗಿಯೇ ಹೇಳಿಕೊಂಡ. ಅವನ ಸಿಟ್ಟು ನ್ಯಾಯವಾದದ್ದು. ಪಂಥದ ಲೆಕ್ಕದಂತೆಯೇ ನೋಡಿದರೂ ಆ ಪೆಟ್ಟಿಗೆ ಸೇರುವುದು ಹತ್ತು ಜನರ ಪಾಲಿಗೆ.