ಡಬ್ಬಿಯೊಳಗಿನ ಗೆಡ್ಡೆ

ಊರಿನಿಂದ ತಂದ ಸುಗಂಧರಾಜದ ಗೆಡ್ಡೆಗಳನ್ನು "ಸ್ವಂತ ಮನೆಯಾದ ಮೇಲೆ ನೆಟ್ಟರಾಯಿತು" ಎಂದು ನಾವು ಡಬ್ಬಿಯಲ್ಲಿಟ್ಟು ಮರೆಯುತ್ತೇವೆ. ವರ್ಷ ಕಳೆದು ಅವು ಕೈಗೆ ಸಿಕ್ಕಾಗ ಏಳುವ ಪ್ರಶ್ನೆ: ಇವನ್ನು ಇನ್ನು ನೆಡಬಹುದೆ?

ಬೀಜದ ಮಾತು ಬೇರೆ. ಇಸ್ರೇಲಿನ ಮಸಾಡಾ ಕೋಟೆಯಲ್ಲಿ ದೊರೆತ, ಸುಮಾರು 2000 ವರ್ಷ ಹಳೆಯ ಖರ್ಜೂರದ ಬೀಜವೊಂದು 2005ರಲ್ಲಿ ಮೊಳೆಯಿತು. ಗೆಡ್ಡೆಗೆ ಅಷ್ಟು ದೀರ್ಘ ನಿದ್ರೆಯಿಲ್ಲ. ಅದರಲ್ಲಿ ನೀರಿದೆ, ಉಸಿರಾಟವಿದೆ. ಕತ್ತಲಲ್ಲಿ ಕುಳಿತು ತನ್ನ ಬುತ್ತಿಯನ್ನೇ ಉಂಡು ಸೊರಗುತ್ತದೆ. ನಾವು ಜೋಪಾನವೆಂದುಕೊಂಡದ್ದು ಅದಕ್ಕೆ ಉಪವಾಸ.

"ಊರಿಗೆ ಹಿಂತಿರುಗಿದ ಮೇಲೆ" ಎಂದು ನಾವು ಮುಂದೂಡಿದ ಸಂಗೀತ, ಓದು, ನೆರೆಯವರ ಸ್ನೇಹ ಇವುಗಳ ಪಾಡೂ ಇದೇ ಅಲ್ಲವೆ? ಬೀಜವೆಂದು ಬಗೆದು ಅವನ್ನು ಕಾಯಿಸುತ್ತೇವೆ, ಅವು ಗೆಡ್ಡೆಗಳು.

ಹಾಗೆಂದು ಎಲ್ಲವನ್ನೂ ಎಸೆಯಬೇಕಿಲ್ಲ. ಬೆರಳಿನಿಂದ ಒತ್ತಿ ನೋಡೋಣ. ಕೊಳೆತು ಮೆತ್ತಗಾದದ್ದು, ಒಣಗಿ ಟೊಳ್ಳಾದದ್ದು ಹೋಯಿತೆಂದೇ ತಿಳಿಯೋಣ. ಗಟ್ಟಿಯಾಗಿರುವುದನ್ನು ತಡಮಾಡದೆ ನೆಡೋಣ. ಬಡವಾದ ಗೆಡ್ಡೆ ಈ ವರ್ಷ ಬರಿಯ ಎಲೆ ಬಿಟ್ಟೀತು. ಬೇಸರ ಬೇಡ, ಆ ಎಲೆಯೇ ಬಿಸಿಲುಂಡು ಮುಂದಿನ ಹೂವಿಗೆ ಬುತ್ತಿ ಕಟ್ಟುತ್ತದೆ. ಅದಕ್ಕೆ ಸ್ವಂತ ಮನೆಯೇ ಆಗಬೇಕೆಂದಿಲ್ಲ, ಬಾಡಿಗೆ ಮನೆಯ ಕುಂಡದ ಮಣ್ಣೂ ಸಾಕು.