ತಾಳಿ ಕಟ್ಟುವಾಗ ಸಾಕ್ಷಿ ಯಾರು?

ರಾಯಚೂರು, ದೇವದುರ್ಗ, ಮಾನ್ವಿಯ ಕಲ್ಯಾಣ ಮಂಟಪಗಳಲ್ಲಿ ಮುಹೂರ್ತ ಹತ್ತಿರವಾದರೆ ವೇದಿಕೆಯ ಮೇಲೆ ಕಾಲಿಡಲು ಜಾಗವಿರುವುದಿಲ್ಲ. ಮೂರು ಕಾಲಿನ ಟ್ರೈಪಾಡ್ ಬೀಗರ ಕಾಲಿಗೆ ತೊಡಕು. ಒಂಟಿಕಾಲಿನ ಮೊನೊಪಾಡ್ ಮಾತ್ರ ಪುರೋಹಿತರ ಮಣೆಯ ಪಕ್ಕ ಅಂಗೈಯಗಲದ ಜಾಗದಲ್ಲಿ ಊರಿಕೊಳ್ಳುತ್ತದೆ. ಕ್ಯಾಮೆರಾದ ಭಾರ ನೆಲಕ್ಕಿಳಿಯುತ್ತದೆ, ದಣಿದ ತೋಳಿನ ನಡುಕ ಚಿತ್ರದಲ್ಲಿ ಕಡಿಮೆಯಾಗುತ್ತದೆ. ಕೈ ಬಿಟ್ಟರೆ ಮಾತ್ರ ಅದು ನಿಲ್ಲದು.

ಸಾಧನ ಒಳ್ಳೆಯದೇ. ಪ್ರಶ್ನೆ ಏಳುವುದು, ವಿಡಿಯೊದವರು ‘ಸರಿ ಬರಲಿಲ್ಲ, ಇನ್ನೊಮ್ಮೆ ಕಟ್ಟ್ರಿ’ ಎಂದಾಗ.

ಹೋಮವಿರುವ ಮದುವೆಗೆ ಅಗ್ನಿ ಸಾಕ್ಷಿ. ನಿಕಾಹದಲ್ಲಿ ಒಪ್ಪಿಗೆಯ ಮಾತಿಗೆ ಸಾಕ್ಷಿದಾರರಿರುತ್ತಾರೆ. ಸಪ್ತಪದಿ ಇರುವಲ್ಲಿ ಏಳನೇ ಹೆಜ್ಜೆಗೆ ಮದುವೆ ಪೂರ್ಣ ಎನ್ನುತ್ತದೆ 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಂ. ಎಲ್ಲೂ ಎರಡನೇ ಟೇಕ್ ಇಲ್ಲ.

ಸಾಕ್ಷಿ ಎಂಬ ಮಾತಿಗೆ ಈ ನೆಲದಲ್ಲಿ ಇನ್ನೊಂದು ಅರ್ಥವೂ ಇದೆ. ‘ಹರಿಕಥಾಮೃತಸಾರ’ ಬರೆದ ಜಗನ್ನಾಥದಾಸರು ಬಾಳಿದ್ದು ಮಾನ್ವಿಯಲ್ಲಿ, ಅವರ ಗುರು ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ಇಬ್ಬರೂ ನಂಬಿದ ಮಧ್ವಸಿದ್ಧಾಂತದಲ್ಲಿ ಸುಖದುಃಖವನ್ನು ನೇರವಾಗಿ ಅರಿಯುವುದು ಹೊರಗಿನ ಕಣ್ಣಲ್ಲ, ಜೀವದೊಳಗಿನ ಸಾಕ್ಷಿ. ಕಂಡದ್ದು ನಿಜವೇ ಎಂದು ನಿಶ್ಚಯಿಸುವುದೂ ಅದೇ. ಲೆನ್ಸ್ ಕಣ್ಣಿನ ಕೆಲಸ ಮಾಡೀತು. ತಾಳಿಯ ಗಂಟು ಬೀಳುವಾಗ ಮದುಮಗಳಿಗೆ ಒಳಗೆ ಏನಾಯಿತೆಂಬುದು ಅದಕ್ಕೆ ಸಿಗದು; ಮತ್ತೆ ಕಟ್ಟಿಸಿದರೆ ಅವಳಿಗೂ ಅದು ಮರಳಿ ಸಿಗದು.

ಹಾಗೆಂದು ವಿಡಿಯೊ ಬೇಡವೆನ್ನಲಾಗದು. ಹಾಸಿಗೆ ಹಿಡಿದ ಅಜ್ಜಿಗೆ ಮೊಮ್ಮಗಳ ಮದುವೆ ಕಾಣುವುದು ಅದರಿಂದಲೇ. ಮನೆಯವರು ಹಿಂದಿನ ದಿನವೇ ವಿಡಿಯೊದವರಿಗೆ ನಿಲ್ಲುವ ಜಾಗ ತೋರಿಸಲಿ; ಸಿಕ್ಕಷ್ಟು ಸಾಕು, ಮತ್ತೆ ಕಟ್ಟಿಸಬೇಡಿ ಎಂದು ಹೇಳಿಬಿಡಲಿ.