ಆಪ್ತನ ಮಾತು, ಬೀಟಾ ಆವೃತ್ತಿ

ಫೋನು ಸುಮ್ಮನಾಗಿದೆ. ಚಾರ್ಜು ಮುಗಿದಿಲ್ಲ, ಕೆಳಗೆ ಬಿದ್ದಿಲ್ಲ. ಹೊಸ ಬೀಟಾ, ಅಂದರೆ ಪರೀಕ್ಷಾ ಆವೃತ್ತಿ, ಹಾಕಿಕೊಂಡು ಈಗಷ್ಟೇ ತಾನಾಗಿ ಆಫ್ ಆಗಿ ಆನ್ ಆಗಿದೆ. ಕಣ್ಣು ಕಾಣುವವರಿಗೆ ಇದು ದೊಡ್ಡ ಸಂಗತಿಯಲ್ಲ, ಪರದೆಯ ಕಡೆ ಒಮ್ಮೆ ನೋಡಿದರೆ ಮುಗಿಯಿತು. ಪರದೆಯಲ್ಲಿರುವುದನ್ನು ದನಿಯಲ್ಲಿ ಹೇಳುವ ಸ್ಕ್ರೀನ್ ರೀಡರ್ ನಂಬಿದವನಿಗೆ ಮಾತ್ರ ಈ ಮೌನಕ್ಕೆ ನಾಲ್ಕಾರು ಅರ್ಥಗಳಿವೆ. ಮೂರು ಬೆರಳು ಎರಡು ಸಲ ತಾಗಿ ಮಾತು ಬಂದ್ ಆಗಿರಬಹುದು. ದನಿಯೆಲ್ಲ ಬ್ಲೂಟೂತ್ ಇಯರ್‌ಫೋನಿಗೆ ಹೋಗಿ, ಅದು ಪಕ್ಕದ ಕೋಣೆಯ ಮೇಜಿನ ಮೇಲೆ ಯಾರೂ ಇಲ್ಲದ ಸಭೆಗೆ ಪ್ರವಚನ ಮಾಡುತ್ತಿರಬಹುದು. ಸ್ಕ್ರೀನ್ ರೀಡರೇ ಕುಸಿದಿರಬಹುದು. ಅಪ್‌ಡೇಟ್ ಇನ್ನೂ ನಡೆಯುತ್ತಿರಬಹುದು. ಅಥವಾ ಐಫೋನು ರಿಕವರಿ ಮೋಡಿಗೆ ಹೋಗಿ, ಕೇಬಲ್ಲಿನದೊಂದು ಚಿತ್ರ ತೋರಿಸುತ್ತ ಕೂತಿರಬಹುದು. ಆ ಸ್ಥಿತಿಯಲ್ಲಿ ಅದಕ್ಕೆ ದನಿಯೇ ಇಲ್ಲ.

ಇಂಥ ಮೌನದ ಬಗ್ಗೆ ಕುಮಾರಿಲ ಭಟ್ಟನ ದಾರಿಯ ಮೀಮಾಂಸಕರು ಬಹಳ ತಲೆಕೆಡಿಸಿಕೊಂಡಿದ್ದಾರೆ. ಒಂದು ವಸ್ತು ‘ಇಲ್ಲ’ ಎಂಬ ಅರಿವು ಎಲ್ಲಿಂದ ಬರುತ್ತದೆ? ಇಲ್ಲದ್ದನ್ನು ಕಣ್ಣು ಮುಟ್ಟಲಾರದು. ಹಾಗಾಗಿ ಅವರು ಅನುಪಲಬ್ಧಿ, ಅಂದರೆ ತೋರದಿರುವುದನ್ನೇ ಪ್ರತ್ಯೇಕ ಪ್ರಮಾಣವಾಗಿ, ಅರಿವಿನ ಸಾಧನವಾಗಿ ಎಣಿಸಿದರು. ಆದರೆ ಅದಕ್ಕೊಂದು ಷರತ್ತು: ವಸ್ತು ಅಲ್ಲಿದ್ದಿದ್ದರೆ ತೋರಿಯೇ ತೋರುತ್ತಿತ್ತು ಎನ್ನುವ ಯೋಗ್ಯತೆ ಆ ಸನ್ನಿವೇಶಕ್ಕೆ ಇರಬೇಕು. ಹಗಲು ಹೊತ್ತಿನ ಅಂಗಳದಲ್ಲಿ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ. ಕತ್ತಲ ಉಗ್ರಾಣದಲ್ಲಿ ಕಾಣದಿದ್ದರೆ ಹಾಗೆನ್ನುವಂತಿಲ್ಲ.

ಬೀಟಾ ಕಿತ್ತುಕೊಳ್ಳುವುದು ಈ ಯೋಗ್ಯತೆಯನ್ನೇ. ಐಫೋನಿನ ಸ್ಕ್ರೀನ್ ರೀಡರ್ ಆದ ವಾಯ್ಸ್‌ಓವರ್‌ನಲ್ಲಿ ಒಂದು ಬೆರಳನ್ನು ಬಲಕ್ಕೆ ಗೀರುತ್ತ ಹೋದರೆ ಪರದೆಯ ಮೇಲಿನ ಒಂದೊಂದೇ ವಸ್ತುವಿನ ಹೆಸರು ಕೇಳುತ್ತದೆ. ಕೊನೆ ಮುಟ್ಟಿದಾಗ ಗೋಡೆಗೆ ತಾಗಿದಂತೆ ಒಂದು ಪುಟ್ಟ ಸದ್ದು. ಗಟ್ಟಿಯಾದ ಆವೃತ್ತಿಯಲ್ಲಿ ಆ ಸದ್ದಿಗೆ ‘ಇನ್ನೇನೂ ಇಲ್ಲ’ ಎಂದೇ ಅರ್ಥ. ಪರೀಕ್ಷಾ ಆವೃತ್ತಿಯಲ್ಲಿ ಸದ್ದು ಕೇಳಿದ ಮೇಲೂ ಕೆಳಗೊಂದು ‘ಮುಂದುವರಿಸಿ’ ಬಟನ್ ಉಳಿದಿರಬಹುದು. ಮಗಳು ಬಂದು ನೋಡಿ, ಅಪ್ಪಾ ಇಲ್ಲೇ ಇದೆಯಲ್ಲ ಅನ್ನುತ್ತಾಳೆ. ಇರುವುದು ನಿಜ, ಹೇಳುವವನು ಹೇಳಲಿಲ್ಲ ಅಷ್ಟೆ.

ಹೇಳುವವನಿಗಾದರೂ ಎಲ್ಲ ತಿಳಿದಿರುವುದಿಲ್ಲ. ಸ್ಕ್ರೀನ್ ರೀಡರ್ ಎಂಬ ಹೆಸರು ದಾರಿ ತಪ್ಪಿಸುವಂಥದ್ದು. ಮೂಲದಲ್ಲಿ ಅದು ಪರದೆಯನ್ನು ಓದುವುದಿಲ್ಲ. ಆಪರೇಟಿಂಗ್ ಸಿಸ್ಟಮ್ಮು ಪ್ರತಿ ಬಟನ್ನಿಗೆ, ಪ್ರತಿ ಶೀರ್ಷಿಕೆಗೆ ಹೆಸರು, ಪಾತ್ರ, ಸ್ಥಿತಿಗಳನ್ನು ಬರೆದಿಟ್ಟ ಒಂದು ವಂಶವೃಕ್ಷವನ್ನು ಪರದೆಯ ಬೆನ್ನಿಗೆ ಇಟ್ಟಿರುತ್ತದೆ. ಸ್ಕ್ರೀನ್ ರೀಡರ್ ಆ ಮರ ಹತ್ತಿ ಇಳಿದು ವರದಿ ಒಪ್ಪಿಸುತ್ತದೆ. ಚಿತ್ರ ಬದಲಾಗಿ ವೃಕ್ಷ ಬದಲಾಗದಿದ್ದರೆ ಅದು ನಿನ್ನೆಯ ಪರದೆಯನ್ನು ಇಂದು ವರ್ಣಿಸುತ್ತದೆ, ಅದೂ ಯಾವ ಅಳುಕೂ ಇಲ್ಲದ ದನಿಯಲ್ಲಿ. 2020ರ ಐಒಎಸ್ 14ರಲ್ಲಿ ಪರದೆಯ ಚಿತ್ರವನ್ನೇ ವಿಶ್ಲೇಷಿಸಿ, ಇದು ಬಟನ್ ಇರಬೇಕು ಎಂದು ಊಹಿಸುವ ಸೌಲಭ್ಯವೂ ಬಂತು. ಹೇಳಿದ್ದನ್ನು ನಂಬುವ ಶಬ್ದ ಪ್ರಮಾಣದ ಜೊತೆಗೆ ಊಹಿಸಿ ತಿಳಿಯುವ ಅನುಮಾನ ಪ್ರಮಾಣವೂ ಸೇರಿತು. ಕೇಳುವ ಕಿವಿಗೆ ಎರಡೂ ಒಂದೇ ದನಿ.

ಇಲ್ಲೊಂದು ಹಳೆಯ ಪ್ರಶ್ನೆ ಹೊಸ ಅಂಗಿ ತೊಟ್ಟು ನಿಲ್ಲುತ್ತದೆ. ಸ್ಕ್ರೀನ್ ರೀಡರ್ ಎಂಬುದು ಇಂದ್ರಿಯವೋ, ಸಾಕ್ಷಿ ಹೇಳುವ ಇನ್ನೊಬ್ಬನೋ? ಫ್ರಾನ್ಸಿನ ತತ್ತ್ವಜ್ಞಾನಿ ಮೆರ್ಲೊ ಪಾಂಟಿ 1945ರಲ್ಲಿ ಪ್ರಕಟಿಸಿದ ಗ್ರಹಿಕೆಯ ಕುರಿತ ಗ್ರಂಥದಲ್ಲಿ ಕುರುಡನ ಕೋಲಿನ ಮಾತು ಬರುತ್ತದೆ. ಅಭ್ಯಾಸವಾದ ಕೈಗೆ ಕೋಲು ವಸ್ತುವಾಗಿ ಉಳಿಯುವುದಿಲ್ಲ, ಸ್ಪರ್ಶವೇ ಕೋಲಿನ ತುದಿಗೆ ಹೋಗಿ ಕೂರುತ್ತದೆ. ವಾಯ್ಸ್‌ಓವರ್ ಐಫೋನಿಗೆ ಬಂದದ್ದು 2009ರಲ್ಲಿ, 3ಜಿಎಸ್ ಮಾದರಿಯೊಂದಿಗೆ. ಅಂದಿನಿಂದ ಬಳಸುತ್ತ ಬಂದವರಿಗೆ ಅದು ಹೆಚ್ಚುಕಡಿಮೆ ಆ ಕೋಲೇ ಆಗಿದೆ. ಪಕ್ಕದಲ್ಲಿ ಕೂತವನಿಗೆ ಜಲ್ಲಿ ಸುರಿದಂತೆ ಕೇಳುವ ವೇಗದಲ್ಲಿ ಅದು ಮಾತಾಡುತ್ತಿದ್ದರೂ ಅವರು ‘ಮಾತು’ ಕೇಳುತ್ತಿರುವುದಿಲ್ಲ. ನೇರವಾಗಿ ಬ್ಯಾಂಕಿನ ಬಾಕಿಯನ್ನೋ ಬಸ್ಸಿನ ಹೊತ್ತನ್ನೋ ಕಾಣುತ್ತಿರುತ್ತಾರೆ.

ಬೀಟಾ ಹಾಕಿದ ಮರುಗಳಿಗೆ ಕೋಲು ಮತ್ತೆ ಬಾಯಿ ಪಡೆಯುತ್ತದೆ. ಅದು ‘ರದ್ದುಮಾಡಿ, ಬಟನ್’ ಅಂದಾಗ ಬಳಕೆದಾರ ತಡೆದು ನಿಲ್ಲುತ್ತಾನೆ: ನಿಜವಾಗಿಯೂ? ಇಂದ್ರಿಯವಾಗಿದ್ದದ್ದು ಈಗ ಕಟಕಟೆಯಲ್ಲಿ ನಿಂತಿದೆ, ಪಾಟಿ ಸವಾಲು ಶುರುವಾಗಿದೆ.

ನ್ಯಾಯದರ್ಶನದ ಪ್ರಕಾರ ಶಬ್ದ ಪ್ರಮಾಣವಾಗುವುದು ಆಡಿದವನು ಆಪ್ತನಾಗಿದ್ದರೆ. ಆಪ್ತನೆಂದರೆ ಗೆಳೆಯನಲ್ಲ, ವಿಷಯವನ್ನು ಇದ್ದಂತೆ ಬಲ್ಲವನು, ಬಲ್ಲದ್ದನ್ನು ಬಲ್ಲಂತೆ ತಿಳಿಸಬೇಕೆಂಬ ಮನಸ್ಸುಳ್ಳವನು. ಭಾಷ್ಯಕಾರ ವಾತ್ಸ್ಯಾಯನ ಇಲ್ಲಿ ಉದಾರಿ. ಋಷಿಯಾಗಲಿ, ಆರ್ಯನಾಗಲಿ, ಮ್ಲೇಚ್ಛನಾಗಲಿ, ಈ ಲಕ್ಷಣವಿದ್ದರೆ ಆಪ್ತನೇ ಎನ್ನುತ್ತಾನೆ. ಪಟ್ಟಿಗೆ ಯಂತ್ರವನ್ನೂ ಸೇರಿಸಬಹುದಿತ್ತೇನೋ, ಆದರೆ ತಿಳಿಸುವ ಮನಸ್ಸು ಎಂಬ ಕಡೆ ಯಂತ್ರ ಎಡವುತ್ತದೆ. ಅದಕ್ಕೆ ಸುಳ್ಳು ಹೇಳುವ ಇಚ್ಛೆಯಿಲ್ಲ, ನಿಜ ಹೇಳುವ ಇಚ್ಛೆಯೂ ಇಲ್ಲ. ಆ ಇಚ್ಛೆ ಇರುವುದು, ಇದ್ದರೆ, ಎಲ್ಲೋ ಕೂತು ಕೋಡ್ ಬರೆದವರಲ್ಲಿ. ಬೀಟಾ ಎಂಬ ಹೆಸರೇ ಅವರ ತಪ್ಪೊಪ್ಪಿಗೆ: ನಾವು ಬಲ್ಲದ್ದು ಇನ್ನೂ ಪೂರ್ತಿಯಾಗಿಲ್ಲ. ಇಷ್ಟು ಪ್ರಾಮಾಣಿಕವಾಗಿ ಬಾಯಿಬಿಡುವ ಆಪ್ತರು ಮನುಷ್ಯರಲ್ಲೂ ಅಪರೂಪ. (2000ದಲ್ಲಿ ಆಪಲ್ ಕಂಪನಿ ಮ್ಯಾಕ್ ಓಎಸ್ ಟೆನ್‌ನ ಪಬ್ಲಿಕ್ ಬೀಟಾವನ್ನು 29.95 ಡಾಲರಿಗೆ ಮಾರಿತ್ತು. ತಪ್ಪೊಪ್ಪಿಗೆಗೂ ಬೆಲೆ ಕಟ್ಟಿದ ಕಾಲ ಅದು. ಈಗ ಪುಕ್ಕಟೆ.)

ಹಾಗಿದ್ದರೆ ಹಾಕಿಕೊಳ್ಳುವುದಾದರೂ ಯಾಕೆ? ಹಿಂದಿರುಗುವ ದಾರಿ ಸಲೀಸಲ್ಲ. ಐಫೋನನ್ನು ಹಳೆಯ ಆವೃತ್ತಿಗೆ ಇಳಿಸಬೇಕಾದರೆ ಕಂಪ್ಯೂಟರಿಗೆ ಜೋಡಿಸಿ ಎಲ್ಲ ಅಳಿಸಬೇಕು. ಬೀಟಾದಲ್ಲಿದ್ದಾಗ ತೆಗೆದ ಬ್ಯಾಕಪ್ಪು ಹಳೆಯದಕ್ಕೆ ಕೂರುವುದಿಲ್ಲ. ಆದರೂ ಹಾಕುತ್ತಾರೆ. ಕ್ಯಾಲೆಂಡರ್ ನೋಡಿದರೆ ಕಾರಣ ಅರ್ಥವಾಗುತ್ತದೆ. ಜೂನ್‌ನಲ್ಲಿ ಹೊಸ ಐಒಎಸ್ ಘೋಷಣೆ, ಜುಲೈ ಹೊತ್ತಿಗೆ ಪಬ್ಲಿಕ್ ಬೀಟಾ, ಸೆಪ್ಟೆಂಬರ್‌ನಲ್ಲಿ ಎಲ್ಲರ ಫೋನಿಗೆ. ಕಣ್ಣಿಲ್ಲದವರಿಗಷ್ಟೇ ಕೇಳಿಸುವ ದೋಷಗಳು ಆ ಮೂರು ತಿಂಗಳಲ್ಲಿ ಯಾರ ಕಿವಿಗೂ ಬೀಳದಿದ್ದರೆ ಸೆಪ್ಟೆಂಬರ್‌ನಲ್ಲಿ ಅವು ಒಂಟಿ ಮನೆಯ ವೃದ್ಧೆಯ ಫೋನಿನಲ್ಲೂ ಇರುತ್ತವೆ. ಬೀಟಾ ಹಾಕಿದವನಿಗೆ ಗೊತ್ತಿದ್ದು ಅನುಭವಿಸುವ ಸಂಶಯ, ಆಕೆಗೆ ಹೇಳದೆ ಬಂದ ಕತ್ತಲು. ಕೋಟ್ಯಂತರ ಡಾಲರಿನ ಕಂಪನಿಗಳಿಗೆ ಈ ಬಿಟ್ಟಿ ಚಾಕರಿ ಯಾಕೆ ಎಂದು ಕೇಳುವವರ ಸಿಟ್ಟು ನ್ಯಾಯವಾದದ್ದೇ. ಸಂಬಳ ಕೊಟ್ಟು ಮಾಡಿಸಬೇಕಾದ ಕೆಲಸವಿದು. ಆದರೆ ಸಿಟ್ಟಿನಿಂದ ಜುಲೈ ತಿಂಗಳು ಉದ್ದವಾಗುವುದಿಲ್ಲ.

ಕನ್ನಡದ ಮಟ್ಟಿಗೆ ಈ ಲೆಕ್ಕ ಇನ್ನೂ ಬಿಗಿ. ವಾಯ್ಸ್‌ಓವರ್‌ಗೆ ಕನ್ನಡದ ದನಿ ಬಂದದ್ದು 2022ರ ಐಒಎಸ್ 16ರೊಂದಿಗೆ, ಐಫೋನು ಮಾತು ಕಲಿತು ಹದಿಮೂರು ವರ್ಷವಾದ ಮೇಲೆ. ಒಂದು ಒತ್ತಕ್ಷರ ನುಂಗಿಹೋದರೆ, ಕನ್ನಡದ ನಡುವೆ ಇಂಗ್ಲಿಷ್ ಹೆಸರು ಬಂದಾಗ ದನಿ ಮುಗ್ಗರಿಸಿದರೆ, ಅದು ತಪ್ಪೆಂದು ಗುರುತಿಸುವ ಕಿವಿ ಕ್ಯಾಲಿಫೋರ್ನಿಯಾದಲ್ಲಿ ಎಷ್ಟಿದ್ದೀತು? ಹುಬ್ಬಳ್ಳಿಯಲ್ಲೋ ಹಾಸನದಲ್ಲೋ ಯಾರಾದರೊಬ್ಬರು ಜುಲೈಯಲ್ಲೇ ಕೇಳಿಸಿಕೊಂಡಿರಬೇಕು.

ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರಿನ ಕಥೆ ಬೇರೆ. ವಿಂಡೋಸ್‌ಗೆಂದು ಅದನ್ನು 2006ರಲ್ಲಿ ಶುರುಮಾಡಿದ ಆಸ್ಟ್ರೇಲಿಯಾದ ಮೈಕೆಲ್ ಕರನ್, ಬಳಿಕ ಅವರ ಜೊತೆಯಾದ ಜೇಮ್ಸ್ ಟೆ, ಇಬ್ಬರೂ ಅಂಧರು. ಅಲ್ಲಿ ಕೇಳುವವರೇ ಹೇಳುವವನನ್ನು ಕಟ್ಟಿದ್ದಾರೆ. ಕೋಡ್ ಬಯಲಲ್ಲಿದೆ, ದೋಷಗಳ ಪಟ್ಟಿಯೂ ಬಯಲಲ್ಲಿದೆ, ಖಂಡನ ಮಂಡನಗಳನ್ನು ಯಾರು ಬೇಕಾದರೂ ಓದಬಹುದು. ಅದರ ಬೀಟಾವನ್ನು ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಿಂದಲೂ ನಡೆಸಬಹುದು. ಬೀಟಾ ತಡವರಿಸಿದರೆ ಹಳೆಯ ಎನ್‌ವಿಡಿಎಯನ್ನು ಮರಳಿ ಕರೆದು ಮಾತಾಡಿಸಬಹುದು. ಒಬ್ಬ ಸಾಕ್ಷಿಯ ಮಾತನ್ನು ಇನ್ನೊಬ್ಬ ಸಾಕ್ಷಿಯಿಂದ ತಾಳೆ ನೋಡುವ ಅನುಕೂಲ ಅದು.

ತಾಳೆ ನೋಡುವುದೆಂದರೆ ಮತ್ತೆ ಹಳೆಯ ಜಗಳ. ಅರಿವಿನ ಪ್ರಾಮಾಣ್ಯ, ಅಂದರೆ ಅದು ನಿಜವೆಂಬ ಖಾತರಿ, ಹೊರಗಿನಿಂದ ಸಿದ್ಧವಾಗಬೇಕು ಎಂದು ನೈಯಾಯಿಕರು. ಅರಿವು ತನ್ನಷ್ಟಕ್ಕೆ ಪ್ರಮಾಣ, ಬಾಧಕ ಬಂದಾಗಷ್ಟೇ ಕೈಬಿಡಬೇಕು ಎಂದು ಮೀಮಾಂಸಕರು. ಮೊದಲಿನವರನ್ನು ಎರಡನೆಯವರು ಕೆಣಕುತ್ತಿದ್ದದ್ದು ಅನವಸ್ಥೆಯ ದೋಷ ತೋರಿಸಿ: ಸಾಕ್ಷಿಗೆ ಸಾಕ್ಷಿ, ಅದಕ್ಕೊಂದು ಸಾಕ್ಷಿ, ಕೊನೆಯೆಲ್ಲಿ? ಮೌನವಾದ ಫೋನು ಹಿಡಿದವನು ಮಾಡುವುದು ಅದನ್ನೇ. ಪಕ್ಕದ ಗುಂಡಿಯನ್ನು ಮೂರು ಸಲ ಒತ್ತುತ್ತಾನೆ. ಸಿರಿಯನ್ನು ಕರೆಯುತ್ತಾನೆ. ಲ್ಯಾಂಡ್‌ಲೈನಿನಿಂದ ಫೋನ್ ಮಾಡಿ ನೋಡುತ್ತಾನೆ. ಕೊನೆಗೆ ಕಂಪ್ಯೂಟರಿಗೆ ಜೋಡಿಸಿ, ಅದರ ಸ್ಕ್ರೀನ್ ರೀಡರ್ ಇದರ ಬಗ್ಗೆ ಏನನ್ನುತ್ತದೋ ಕೇಳುತ್ತಾನೆ. ಆ ಕಂಪ್ಯೂಟರಿನಲ್ಲೂ ಬೀಟಾ ಇದ್ದರೆ ಅನವಸ್ಥೆ ಶಾಸ್ತ್ರದ ಮಾತಾಗಿ ಉಳಿಯುವುದಿಲ್ಲ, ಶನಿವಾರವೊಂದು ಹಾಳಾಗುತ್ತದೆ.

ಉಡುಪಿಯ ಮಧ್ವಾಚಾರ್ಯರು ಈ ಸರಪಳಿಗೆ ಕೊನೆ ಕೊಟ್ಟದ್ದು ಸಾಕ್ಷಿ ಎಂಬ ತತ್ತ್ವದಿಂದ. ಇಲ್ಲಿ ಸಾಕ್ಷಿಯೆಂದರೆ ಜೀವಾತ್ಮನ ಸ್ವರೂಪವೇ ಆದ ಇಂದ್ರಿಯ. ಸುಖ ದುಃಖಗಳನ್ನೂ ಅರಿವಿನ ಪ್ರಾಮಾಣ್ಯವನ್ನೂ ನೇರವಾಗಿ ಕಾಣುವುದು ಅದೇ. ಸಂಶಯ ಬಂದಾಗ ಪರೀಕ್ಷೆ ನಡೆಯಲಿ, ಆದರೆ ಪರೀಕ್ಷೆ ಸಾಕ್ಷಿಯ ಅನುಭವಕ್ಕೆ ಬಂದು ಮುಟ್ಟಿದರೆ ಅಲ್ಲಿಗೆ ನಿಲ್ಲುತ್ತದೆ. ನೀರು ನಿಜವೋ ಮರೀಚಿಕೆಯೋ ಎಂದು ಎಷ್ಟಾದರೂ ವಾದಿಸಬಹುದು. ಕುಡಿದು ದಾಹ ತಣಿದ ಮೇಲೆ ದಾಹ ತಣಿದದ್ದು ನಿಜವೋ ಎಂದು ಯಾರೂ ಕೇಳುವುದಿಲ್ಲ. ಬೀಟಾ ಫೋನು ‘ಅಮ್ಮ, ಮನೆ’ ಅನ್ನುತ್ತದೆ. ಕೇಳಿದವನು ಎರಡು ಸಲ ತಟ್ಟುತ್ತಾನೆ. ಆ ತುದಿಯಿಂದ ಅಮ್ಮನೇ ‘ಊಟ ಆಯ್ತಾ’ ಅಂದರೆ, ಪರದೆಯಲ್ಲಿ ಏನು ಬರೆದಿತ್ತೆಂಬ ಚರ್ಚೆ ಅಲ್ಲಿಗೆ ಬರಖಾಸ್ತು.

ದೋಷ ಸಿಕ್ಕಿದ ರಾತ್ರಿ ವರದಿ ಬರೆಯಬೇಕು. ದನಿ ಏರಿಸುವ, ಇಳಿಸುವ, ಪಕ್ಕದ, ಮೂರೂ ಗುಂಡಿಗಳನ್ನು ಒಟ್ಟಿಗೆ ಒತ್ತಿ ಬಿಟ್ಟರೆ ಫೋನು ಸಣ್ಣಗೆ ನಡುಗಿ, ಒಳಗಿನ ದಾಖಲೆಗಳನ್ನೆಲ್ಲ ಕಟ್ಟಿಡಲು ತೊಡಗುತ್ತದೆ. ಅದು ಸಿದ್ಧವಾಗಲು ಕೆಲವು ನಿಮಿಷ ಬೇಕು. ಅಷ್ಟರಲ್ಲಿ ಅವನು ಟೈಪ್ ಮಾಡುತ್ತಾನೆ: ಇಂಥ ಜಾಗದಲ್ಲಿ ಬೆರಳು ಬಲಕ್ಕೆ ಗೀರಿದರೆ ಕೊನೆಯ ಬಟನ್ ಓದುತ್ತಿಲ್ಲ, ಹತ್ತು ಸಲದಲ್ಲಿ ಹತ್ತು ಸಲ. ಕಳಿಸುವ ಮುಂಚೆ ಒಮ್ಮೆ ಓದಿ ನೋಡಬೇಕಲ್ಲ. ಆಪಾದಿತನಿಗೇ ಓದಲು ಹೇಳುತ್ತಾನೆ. ತನ್ನ ಮೇಲಿನ ದೂರನ್ನು ಅದು ಒಂದಕ್ಷರ ತಡವರಿಸದೆ ಓದಿ ಮುಗಿಸುತ್ತದೆ. ಅವನು ಬಲಕ್ಕೆ ಗೀರುತ್ತಾನೆ, ‘ಕಳುಹಿಸಿ’ ಬಟನ್ ಹುಡುಕಲು. ಗೋಡೆಗೆ ತಾಗಿದ ಸದ್ದು.